ಆಟ ಯಾರದ್ದು, ಟಿಕೆಟ್ ಯಾರದ್ದು?

ನಮ್ಮ ಮಂಗಳೂರಿನ ಕಡೆ ‘ಇವತ್ತು ಆಟ ಉಂಟು’ ಎಂದರೆ ಯಾವ ಆಟ ಎಂದು ಯಾರೂ ಕೇಳುವುದಿಲ್ಲ. ಆಟ ಎಂದರೆ ಯಕ್ಷಗಾನ, ಅಷ್ಟೆ. ಕೇಳುವುದಿದ್ದರೆ ಎರಡು ಪ್ರಶ್ನೆ. ಯಾವ ಮೇಳದ್ದು? ಹರಕೆಯದ್ದೋ, ಟಿಕೆಟಿನದ್ದೋ? ಈ ಎರಡನೆಯ ಪ್ರಶ್ನೆಯಲ್ಲಿ ಒಂದು ದೊಡ್ಡ ಚರಿತ್ರೆಯೇ ಅಡಗಿದೆ. ಹರಕೆ ಆಟವಾದರೆ ಒಂದು ಮನೆಯವರು ಪೂರ್ತಿ ಖರ್ಚು ಹಾಕುತ್ತಾರೆ, ಊರಿಗೆ ಊರೇ ಪುಕ್ಕಟೆ ಕೂತು ನೋಡುತ್ತದೆ. ಟೆಂಟಿನ ಆಟವಾದರೆ ಬಾಗಿಲಲ್ಲಿ ದುಡ್ಡು ಕೊಟ್ಟೇ ಒಳಗೆ ಹೋಗಬೇಕು. ಕುರ್ಚಿಗೊಂದು ದರ, ಬೆಂಚಿಗೊಂದು ದರ, ನೆಲಕ್ಕೊಂದು ದರ. ಆದರೆ ಒಳಗೆ ಹೋದ ಮೇಲೆ ಕುರ್ಚಿಯವನಿಗೂ ನೆಲದವನಿಗೂ ಕಾಣುವುದು ಒಂದೇ ಕೌರವ. ಕುರ್ಚಿಯವನು ಹೆಚ್ಚು ಕೊಟ್ಟಿದ್ದಾನೆಂದು ಭೀಮ ಗದೆ ಕೆಳಗಿಡುವುದಿಲ್ಲ.

ಕಂಪ್ಯೂಟರಿನ ಆಟದ ಬಗ್ಗೆ ಬರೆಯಲು ಹೊರಟವನು ಟೆಂಟಿನೊಳಗೆ ಹೊಕ್ಕದ್ದಕ್ಕೆ ಕಾರಣವಿದೆ. 2014ರ ಜೂನ್ ತಿಂಗಳಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನ ಒಂದು ಕಂಪೆನಿ ಲಕ್ಷಾಂತರ ಮಕ್ಕಳ ಮುಂದೆ ಇಟ್ಟ ನಿಯಮದ ತಿರುಳು ಇದೇ ಆಗಿತ್ತು. ಬಾಗಿಲಲ್ಲಿ ಟಿಕೆಟ್ ಇಡಿ, ಅಡ್ಡಿಯಿಲ್ಲ. ಭೀಮನ ಗದೆಯನ್ನು ಮಾರಬೇಡಿ.

ಕಂಪೆನಿಯ ಹೆಸರು ಮೊಜಾಂಗ್. ಆಟ ಮೈನ್‌ಕ್ರಾಫ್ಟ್. ನೋಡದವರಿಗಾಗಿ ಎರಡು ಮಾತು: ಜಗತ್ತೆಲ್ಲ ಚೌಕ ಚೌಕ ಇಟ್ಟಿಗೆಯಿಂದ ಆದದ್ದು. ಮಣ್ಣು ಅಗೆಯಬಹುದು, ಮರ ಕಡಿಯಬಹುದು, ಮನೆ ಕಟ್ಟಬಹುದು, ರಾತ್ರಿ ಬರುವ ಭೂತಗಳಿಂದ ತಪ್ಪಿಸಿಕೊಳ್ಳಬೇಕು. ಮಾರ್ಕಸ್ ಪೆರ್ಸನ್ ಎಂಬಾತ 2009ರ ಮೇ ತಿಂಗಳಲ್ಲಿ ಮೊದಲು ಹೊರಗೆ ಬಿಟ್ಟ. ಆಡುವವರು ಅವನನ್ನು ಕರೆಯುವುದು ನಾಚ್ ಎಂದು. ಪೂರ್ಣ ರೂಪದಲ್ಲಿ ಬಂದದ್ದು 2011ರ ನವೆಂಬರಿನಲ್ಲಿ. ಒಮ್ಮೆ ಹಣ ಕೊಟ್ಟು ಕೊಂಡರೆ ಆಯಿತು, ಮತ್ತೆ ತಿಂಗಳ ಬಾಡಿಗೆ ಇಲ್ಲ.

ಹಲವರು ಸೇರಿ ಆಡಬೇಕಾದರೆ ಒಂದು ಸರ್ವರ್ ಬೇಕು, ಎಂದರೆ ಎಲ್ಲರ ಜಗತ್ತನ್ನು ನೆನಪಿಟ್ಟುಕೊಂಡು ಹಗಲು ರಾತ್ರಿ ಉರಿಯುತ್ತಿರುವ ಒಂದು ಕಂಪ್ಯೂಟರ್. ಮೊಜಾಂಗ್ ಇಲ್ಲಿ ಒಂದು ಉದಾರ ಕೆಲಸ ಮಾಡಿತ್ತು. ಸರ್ವರಿನ ತಂತ್ರಾಂಶವನ್ನು ಪುಕ್ಕಟೆ ಕೊಟ್ಟು, ಯಾರು ಬೇಕಾದರೂ ನಡೆಸಿ ಎಂದು ಬಿಟ್ಟಿತು. ನಮ್ಮ ಪದ್ಧತಿಯಲ್ಲಿ ಹೇಳುವುದಾದರೆ, ಪ್ರಸಂಗ ಕಂಪೆನಿಯದ್ದು, ಮೇಳ ಕಟ್ಟುವುದು ನಿಮಗೆ ಬಿಟ್ಟದ್ದು. ಹದಿನಾರು ಹದಿನೇಳರ ಹುಡುಗರು ಪ್ರಪಂಚದ ತುಂಬ ಮೇಳ ಕಟ್ಟಿದರು.

ಮೇಳ ಕಟ್ಟಿದ ಮೇಲೆ ಖರ್ಚು ಶುರುವಾಗುತ್ತದೆ. ಹತ್ತು ಜನ ಆಡುವ ಸರ್ವರ್ ಮನೆಯ ಹಳೆಯ ಕಂಪ್ಯೂಟರಿನಲ್ಲಿ ನಡೆದೀತು. ಐನೂರು ಜನ ಬಂದರೆ ಬಾಡಿಗೆ ಯಂತ್ರ ಬೇಕು, ಮೆಮೊರಿ ಬೇಕು, ಹೊಸ ಆಟಗಳನ್ನು ಬರೆದು ಕೊಡುವವರು ಬೇಕು, ಬೈದಾಡುವ ಮಕ್ಕಳನ್ನು ಸುಧಾರಿಸುವವರು ಬೇಕು. ಮೊದಮೊದಲು ದೇಣಿಗೆ ಕೇಳಿದರು. ದೇಣಿಗೆ ಕೊಟ್ಟವನ ಹೆಸರಿಗೆ ಬಣ್ಣ ಹಚ್ಚಿದರು. ನಮ್ಮಲ್ಲಿ ಆಟದ ಮಧ್ಯೆ ಕಲಾವಿದನಿಗೆ ನೋಟಿನ ಹಾರ ಹಾಕಿದವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರಲ್ಲ, ಹಾಗೆ. ಬಣ್ಣದ ಹೆಸರು ಸಾಕಾಗಲಿಲ್ಲ. ಹೆಚ್ಚು ಕೊಟ್ಟವನಿಗೆ ‘ರ‍್ಯಾಂಕ್’ ಬಂತು: ವಿಐಪಿ, ಅದರ ಮೇಲೊಂದು, ಅದರ ಮೇಲೆ ಮತ್ತೊಂದು. ಆಮೇಲೆ ರ‍್ಯಾಂಕಿನ ಜೊತೆ ವಜ್ರದ ಖಡ್ಗ, ಮುರಿಯದ ಕವಚ, ಹಾರುವ ಶಕ್ತಿ. ಉಳಿದವರು ಗಂಟೆಗಟ್ಟಲೆ ನೆಲ ಅಗೆದು ಸಂಪಾದಿಸುವುದನ್ನು ಅಪ್ಪನ ಕ್ರೆಡಿಟ್ ಕಾರ್ಡಿನಿಂದ ಅರೆ ನಿಮಿಷದಲ್ಲಿ ಕೊಳ್ಳಬಹುದಾಯಿತು. ಕೊಂಡವನು ಕೊಳ್ಳದವನನ್ನು ಹೊಡೆದು ಬೀಳಿಸುವಾಗ, ಕೊಳ್ಳದವನಿಗೂ ಕೊಳ್ಳುವ ಮನಸ್ಸಾಗುತ್ತದೆ. ವ್ಯಾಪಾರದ ಗುಟ್ಟು ಅದೇ.

ಕಂಪೆನಿಯ ಪರವಾನಗಿ ಕರಾರಿನಲ್ಲಿ, ನಾವು ಮಾಡಿದ ಯಾವುದನ್ನೂ ಇಟ್ಟುಕೊಂಡು ದುಡ್ಡು ಮಾಡಬಾರದು ಎಂಬ ಮಾತು ಮೊದಲೇ ಇತ್ತು. ಕರಾರನ್ನು ಓದುವವರು ಯಾರು? ಜಾರಿ ಮಾಡುವವರೂ ಇರಲಿಲ್ಲ. ನಾಚ್ ಆಮೇಲೆ ತನ್ನ ಬ್ಲಾಗಿನಲ್ಲಿ ಬರೆದುಕೊಂಡ ಪ್ರಕಾರ, ಮಕ್ಕಳು ಸರ್ವರುಗಳಲ್ಲಿ ನೂರು ಡಾಲರ್ ಸುರಿದಿದ್ದಾರೆಂದು ತಂದೆತಾಯಿಯರು ಮೊಜಾಂಗಿಗೆ ದೂರು ಬರೆಯುತ್ತಿದ್ದರು. ಆ ದುಡ್ಡಿನಲ್ಲಿ ಒಂದು ಕಾಸೂ ಮೊಜಾಂಗಿಗೆ ಬಂದದ್ದಲ್ಲ. ಆ ಸರ್ವರುಗಳು ಅವರವೂ ಅಲ್ಲ. ಬೈಗುಳ ಮಾತ್ರ ಅವರಿಗೆ.

ಯಾರೋ ಒಬ್ಬರು ಕರಾರು ಓದಿ, ಮೊಜಾಂಗಿನ ನೌಕರ ಎರಿಕ್ ಬ್ರೂಸ್ ಎಂಬಾತನನ್ನು ಟ್ವಿಟರಿನಲ್ಲಿ ಕೇಳಿದರು. ಆತ ಹೌದು, ಇದು ನಿಯಮಕ್ಕೆ ವಿರುದ್ಧ ಎಂದ. ಅಲ್ಲಿಂದ ಬೆಂಕಿ ಹತ್ತಿಕೊಂಡಿತು. ಜೂನ್ 12ರಂದು ಕಂಪೆನಿ ವಿವರಣೆ ಹೊರಡಿಸಿತು. ಸರ್ವರಿಗೆ ಪ್ರವೇಶ ಶುಲ್ಕ ಇಡಬಹುದು, ಎಲ್ಲರಿಗೂ ಒಂದೇ ದರ ಇರಲಿ. ದೇಣಿಗೆ ತೆಗೆದುಕೊಳ್ಳಬಹುದು, ಜಾಹೀರಾತು ಹಾಕಬಹುದು. ಟೊಪ್ಪಿ, ಬಣ್ಣದ ಉಡುಪು, ಸಾಕುಪ್ರಾಣಿಯಂಥ ಅಲಂಕಾರದ ವಸ್ತು ಮಾರಬಹುದು. ಆದರೆ ಆಟದ ಬಲಾಬಲವನ್ನು ಬದಲಿಸುವ ಯಾವುದನ್ನೂ ಮಾರುವ ಹಾಗಿಲ್ಲ. ನಿಜವಾದ ದುಡ್ಡಿಗೆ ಆಟದ ನಾಣ್ಯ ಕೊಡುವ ಹಾಗಿಲ್ಲ. ನಮಗೂ ಮೊಜಾಂಗಿಗೂ ಸಂಬಂಧವಿಲ್ಲ ಎಂದು ಸ್ಪಷ್ಟವಾಗಿ ಬರೆದುಕೊಂಡಿರಬೇಕು. ಗಡುವು ಆಗಸ್ಟ್ 1.

ಇದರಲ್ಲಿ ಒಂದು ಸಣ್ಣ ಜಾಣತನವಿತ್ತು. ಅಲಂಕಾರದ ವಸ್ತುಗಳನ್ನು ಮಾರಬಹುದು ಎಂದ ಕಂಪೆನಿ, ಬೆನ್ನ ಮೇಲೆ ಇಳಿಬಿಡುವ ಮೇಲುವಸ್ತ್ರವನ್ನು ಮಾತ್ರ ತನಗೇ ಇಟ್ಟುಕೊಂಡಿತು. ದೇವಸ್ಥಾನದ ಉತ್ಸವದಲ್ಲಿ ಕಡಲೆಪುರಿ ಯಾರೂ ಮಾರಲಿ, ಪ್ರಸಾದದ ಕೌಂಟರ್ ಮಾತ್ರ ನಮ್ಮದು ಎಂದ ಹಾಗೆ.

ಮಕ್ಕಳ ಪರವಾಗಿ ತಂದ ನಿಯಮಕ್ಕೆ ಮಕ್ಕಳಿಂದಲೇ ಬೈಗುಳ ಬಂತು. ತಾವು ಆಡುವ ಸರ್ವರ್ ಮುಚ್ಚಿಹೋಗುತ್ತದೆ ಎಂಬ ಭಯ ಅವರದ್ದು. ನಡೆಸುವವರ ಲೆಕ್ಕಾಚಾರ ಬೇರೆ: ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನ ಪುಕ್ಕಟೆ ಆಡುತ್ತಾರೆ, ಖರ್ಚು ಹುಟ್ಟುವುದು ಖಡ್ಗ ಕೊಳ್ಳುವ ಕೆಲವರಿಂದ, ಬಾಗಿಲಲ್ಲಿ ಟಿಕೆಟ್ ಇಟ್ಟರೆ ಪುಕ್ಕಟೆಯವರು ಪಕ್ಕದ ಸರ್ವರಿಗೆ ಹೋಗುತ್ತಾರೆ, ಜನವಿಲ್ಲದ ಜಾತ್ರೆಯಲ್ಲಿ ಖಡ್ಗ ಕೊಳ್ಳುವವರೂ ಇರುವುದಿಲ್ಲ. ಈ ವಾದ ನನಗೆ ಅಷ್ಟು ಸುಲಭವಾಗಿ ತಳ್ಳಿಹಾಕುವಂಥದ್ದು ಎನಿಸುವುದಿಲ್ಲ. ಹರಕೆ ಆಟಕ್ಕೂ ಇದೇ ಲೆಕ್ಕ. ಒಬ್ಬ ಕೊಡುವುದರಿಂದ ಸಾವಿರ ಜನ ನೋಡುತ್ತಾರೆ. ವ್ಯತ್ಯಾಸವಿರುವುದು ಕೊಟ್ಟವನಿಗೆ ಏನು ಸಿಗುತ್ತದೆ ಎಂಬಲ್ಲಿ. ಹರಕೆ ಹೊತ್ತವನಿಗೆ ಚೌಕಿ ಪೂಜೆಯ ಪ್ರಸಾದ ಸಿಗುತ್ತದೆ, ಅವನ ಇಷ್ಟದ ಪ್ರಸಂಗ ಸಿಗಬಹುದು. ಸಾಲದೆಂದು ಅವನೇ ರಂಗಸ್ಥಳಕ್ಕೆ ಹತ್ತಿ ಮಹಿಷಾಸುರನನ್ನು ಕೊಲ್ಲುತ್ತೇನೆ ಎಂದರೆ ಭಾಗವತರು ಜಾಗಟೆ ಕೆಳಗಿಟ್ಟಾರು.

ಬೈಗುಳದ ರಾಶಿ ನಾಚ್‌ನ ಮೇಲೆ ಬಿತ್ತು. ಇಎ ಎಂಬ ದೊಡ್ಡ ಕಂಪೆನಿ ಆಟಗಾರರ ಕಿಸೆಗೆ ಕೈ ಹಾಕುವುದಕ್ಕೆ ಹೆಸರಾದದ್ದು. ಮೊಜಾಂಗ್ ಅದಕ್ಕಿಂತ ಕಡೆಯಾಯಿತು ಎಂದು ಜನ ಬರೆದರು, ಅವನು ಆ ಮಾತನ್ನೇ ತನ್ನ ಬರಹದ ತಲೆಬರಹ ಮಾಡಿಕೊಂಡ. ಅದೇ ತಿಂಗಳು ಬೇಸತ್ತು, ನನ್ನ ಪಾಲನ್ನು ಯಾರಾದರೂ ಕೊಳ್ಳುತ್ತೀರಾ ಎಂದು ಟ್ವಿಟರಿನಲ್ಲಿ ಕೇಳಿದ. ಒಳ್ಳೆಯದು ಮಾಡಲು ಹೋಗಿ ದ್ವೇಷ ಕಟ್ಟಿಕೊಳ್ಳುವುದು ತನ್ನಿಂದಾಗದು ಎಂಬರ್ಥದ ಮಾತೂ ಅದರಲ್ಲಿತ್ತು. ಕೊಳ್ಳುವವರು ಸಿಕ್ಕಿದರು. 2014ರ ಸೆಪ್ಟೆಂಬರ್ 15ರಂದು ಮೈಕ್ರೋಸಾಫ್ಟ್ 250 ಕೋಟಿ ಡಾಲರಿಗೆ ಮೊಜಾಂಗನ್ನು ಕೊಳ್ಳುವುದಾಗಿ ಪ್ರಕಟಿಸಿತು. ಖಡ್ಗ ಮಾರುವುದೋ ಬೇಡವೋ ಎಂಬ ಜಗಳದಿಂದ ಶುರುವಾದದ್ದು ಮೂರು ತಿಂಗಳಲ್ಲಿ ಅಲ್ಲಿಗೆ ಹೋಗಿ ಮುಟ್ಟಿತು. ಬೇರೆ ಕಾರಣಗಳೂ ಇದ್ದವು, ಆದರೆ ಅವನ ತಾಳ್ಮೆಯ ದಾರ ಕಡಿದದ್ದು ಇಲ್ಲಿಯೇ.

ಈ ಮೂರು ತಿಂಗಳ ನಡುವೆ ಮತ್ತೊಂದು ಉಪಕಥೆ ಇದೆ. ನನಗೆ ಇಡೀ ಪ್ರಕರಣದಲ್ಲಿ ಹೆಚ್ಚು ರುಚಿಯಾದ ಭಾಗ ಅದೇ. ಮೊಜಾಂಗ್ ಕೊಟ್ಟ ಸರ್ವರ್ ತಂತ್ರಾಂಶ ತೀರ ಸಾದಾ. ಅದಕ್ಕೆ ರ‍್ಯಾಂಕ್, ಅಂಗಡಿ, ಹೊಸ ಹೊಸ ಆಟ ಎಲ್ಲವನ್ನೂ ಜೋಡಿಸಲು ಅನುವು ಮಾಡಿಕೊಟ್ಟದ್ದು ಬುಕಿಟ್ ಎಂಬ ಹೊರಗಿನವರ ತಂತ್ರಾಂಶ. ಸಂಬಳವಿಲ್ಲದೆ ಹುಡುಗರು ಸೇರಿ ಬರೆದದ್ದು, 2010ರ ಕೊನೆಗೆ ಶುರುವಾದದ್ದು. ಅದರ ಮುಖ್ಯ ನಾಲ್ವರನ್ನು 2012ರ ಫೆಬ್ರವರಿಯಲ್ಲಿ ಮೊಜಾಂಗ್ ಕೆಲಸಕ್ಕೆ ಕರೆದುಕೊಂಡಿತು. ಟ್ವಿಟರಿನಲ್ಲಿ ‘ಹೌದು, ನಿಯಮಕ್ಕೆ ವಿರುದ್ಧ’ ಎಂದನಲ್ಲ ಎರಿಕ್ ಬ್ರೂಸ್, ಆ ನಾಲ್ವರಲ್ಲಿ ಅವನೂ ಒಬ್ಬ. ಅಂಗಡಿಗೆ ಮಾಡು ಕಟ್ಟಿಕೊಟ್ಟವನೇ ಬಾಗಿಲು ಹಾಕಲು ಬಂದ ಎಂದು ಜನರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

2014ರ ಆಗಸ್ಟ್ 21ರಂದು ಬುಕಿಟ್ ನಡೆಸುತ್ತಿದ್ದವರು, ಈ ಕರಾರಿನ ರಗಳೆಯಲ್ಲಿ ಮುಂದುವರಿಸಲಾಗದು, ನಿಲ್ಲಿಸುತ್ತೇವೆ ಎಂದರು. ತಕ್ಷಣ ಮೊಜಾಂಗಿನವರು ಎದ್ದು, ನಿಲ್ಲಿಸಲು ಅದು ನಿಮ್ಮದಲ್ಲ, ಆ ನಾಲ್ವರನ್ನು ಸೇರಿಸಿಕೊಂಡಾಗಲೇ ಬುಕಿಟ್ಟನ್ನೂ ನಾವು ಕೊಂಡಿದ್ದೆವು ಎಂದರು. ಎರಡು ವರ್ಷಕ್ಕೂ ಮೇಲ್ಪಟ್ಟು ಪುಕ್ಕಟೆ ದುಡಿದ ಹುಡುಗರಿಗೆ, ತಾವು ದುಡಿದದ್ದು ಕಂಪೆನಿಯ ಗದ್ದೆಯಲ್ಲಿ ಎಂದು ಗೊತ್ತಾದದ್ದು ಆಗ! ಅವರಲ್ಲಿ ವೆಸ್ಲಿ ವುಲ್ಫ್ ಎಂಬಾತ ಸೆಪ್ಟೆಂಬರ್ ಮೊದಲ ವಾರದಲ್ಲಿ ಕಾನೂನಿನ ನೋಟಿಸ್ ಕಳಿಸಿದ. ನಾನು ಬರೆದ ಭಾಗವನ್ನು ಮುಕ್ತ ಪರವಾನಗಿಯಲ್ಲಿ ಕೊಟ್ಟಿದ್ದೇನೆ, ಅದರ ಜೊತೆಗೆ ಮೊಜಾಂಗಿನ ಮುಚ್ಚಿದ ಭಾಗವನ್ನು ಬೆರೆಸಿ ಹಂಚಿದರೆ ಆ ಪರವಾನಗಿ ಮುರಿದ ಹಾಗೆ, ಆದ್ದರಿಂದ ಹಂಚುವುದನ್ನು ನಿಲ್ಲಿಸಿ ಎಂದ. ಬುಕಿಟ್ ಸಿಗುವುದು ನಿಂತಿತು. ಕಂಪೆನಿ ತನ್ನ ಹಕ್ಕನ್ನು ನೆನಪಿಸಿದ್ದಕ್ಕೆ ಹುಡುಗ ತನ್ನ ಹಕ್ಕನ್ನು ನೆನಪಿಸಿದ.

ಇದನ್ನು ಓದುವಾಗ ನನಗೆ ನಮ್ಮ ಉಡುಪಿಯ ಕೋರ್ಟು ನೆನಪಾಗದೆ ಇರಲಿಲ್ಲ. ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಸಂಸ್ಥೆಯ ಅಂಗವಾಗಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರವಿದೆ. ಶಿವರಾಮ ಕಾರಂತರು ಅದರ ನಿರ್ದೇಶಕರಾಗಿದ್ದು, ಸಾಂಪ್ರದಾಯಿಕ ಯಕ್ಷಗಾನವನ್ನು ತಿದ್ದಿ ‘ಯಕ್ಷರಂಗ’ ಎಂಬ ಬ್ಯಾಲೆ ರೂಪ ಕೊಟ್ಟರು. ಮಾತು ಕಡಿಮೆ, ಕುಣಿತ ಮತ್ತು ಸಂಗೀತ ಮುಂದೆ, ರಾತ್ರಿಯಿಡೀ ನಡೆಯುವುದು ಕೆಲವು ಗಂಟೆಗೆ ಇಳಿಯಿತು. ಏಳು ಪ್ರಸಂಗಗಳು ಹೀಗೆ ಸಿದ್ಧವಾದವು. 1994ರ ಜೂನ್ 18ರ ಉಯಿಲಿನಲ್ಲಿ ಕಾರಂತರು ತಮ್ಮ ಕೃತಿಗಳ ಹಕ್ಕನ್ನು ಬಿ. ಮಾಲಿನಿ ಮಲ್ಯ ಅವರಿಗೆ ಬರೆದರು. 1997ರ ಡಿಸೆಂಬರಿನಲ್ಲಿ ತೀರಿಕೊಂಡರು. 2001ರ ಸೆಪ್ಟೆಂಬರ್ 18ರಂದು ದಿಲ್ಲಿಯಲ್ಲಿ ಕೇಂದ್ರದ ತಂಡ ‘ಅಭಿಮನ್ಯು ವಧೆ’ ಆಡಿತು. ಅನುಮತಿ ಕೇಳದೆ ಆಡಿದ್ದಾರೆ ಎಂದು ಮಾಲಿನಿ ಮಲ್ಯ ಉಡುಪಿಯ ಜಿಲ್ಲಾ ನ್ಯಾಯಾಲಯಕ್ಕೆ ಹೋದರು.

ಸಂಸ್ಥೆಯ ವಾದ ಮೊಜಾಂಗಿನ ವಾದದ ಅಣ್ಣನಂತಿತ್ತು. ಕೇಂದ್ರ ನಮ್ಮದು, ಕಲಾವಿದರು ನಮ್ಮವರು, ಖರ್ಚು ನಮ್ಮದು. ಕಾರಂತರು ಇದನ್ನು ಮಾಡಿದ್ದು ನಮ್ಮ ನಿರ್ದೇಶಕರಾಗಿ. ಕೋರ್ಟು ಒಪ್ಪಲಿಲ್ಲ. 2003ರಲ್ಲಿ ಉಡುಪಿಯಲ್ಲಿ, 2007ರಲ್ಲಿ ಹೈಕೋರ್ಟಿನಲ್ಲಿ ಸಂಸ್ಥೆ ಸೋತಿತು. 2009ರ ಜನವರಿ 23ರಂದು ಸುಪ್ರೀಂ ಕೋರ್ಟು ಕೂಡ ಹಕ್ಕು ಮಾಲಿನಿ ಮಲ್ಯ ಅವರದ್ದೇ ಎಂದಿತು. ಆದರೆ ನಿಷೇಧಾಜ್ಞೆಗೆ ಒಂದು ಕಿಟಕಿ ತೆರೆಯಿತು. ಕೃತಿಸ್ವಾಮ್ಯ ಕಾಯಿದೆಯ 52ನೇ ಸೆಕ್ಷನ್ನಿನಲ್ಲಿ ವಿನಾಯಿತಿಗಳಿವೆ. ಶಿಕ್ಷಣ ಸಂಸ್ಥೆಯೊಳಗೆ ಅಲ್ಲಿನವರೇ ತಮ್ಮವರ ಮುಂದೆ ಆಡಿದರೆ ತಪ್ಪಲ್ಲ. ಹವ್ಯಾಸಿ ಸಂಘವಾಗಿ, ದುಡ್ಡು ಕೊಡದ ಪ್ರೇಕ್ಷಕರ ಮುಂದೆ ಆಡಿದರೂ ಉಲ್ಲಂಘನೆಯಲ್ಲ. ದೇಶದ ಅತಿ ದೊಡ್ಡ ಕೋರ್ಟು ಕೊನೆಗೆ ಬಂದು ನಿಂತದ್ದು ನಮ್ಮ ಊರಿನ ಅಜ್ಜಂದಿರ ಪ್ರಶ್ನೆಯ ಮುಂದೆಯೇ: ಪುಕ್ಕಟೆಯದ್ದೋ, ಟಿಕೆಟಿನದ್ದೋ?

ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳನ್ನು ಆಡಿ ಎಷ್ಟು ಮೇಳಗಳು ಬದುಕಿದವೋ, ಯಾರೂ ಅವನ ವಂಶದವರಿಗೆ ಲೆಕ್ಕ ಒಪ್ಪಿಸಿದ್ದು ನಾನು ಕೇಳಿಲ್ಲ. ಅಲ್ಲಿ ಒಡೆತನವಿದ್ದದ್ದು ಪ್ರಸಂಗದಲ್ಲಿ ಅಲ್ಲ, ಮೇಳದ ಹೆಸರಿನಲ್ಲಿ. ಕಟೀಲು ಮೇಳ ಎಂಬ ಹೆಸರಿಗೆ ಇರುವ ಬೆಲೆ ದೇವಿಯದ್ದು. ಅದನ್ನು ವಹಿಸಿಕೊಂಡು ನಡೆಸುವ ಯಜಮಾನಿಕೆ ಬೇರೆ, ಕುಣಿಯುವ ಕಲಾವಿದರು ಬೇರೆ. ದೀಪಾವಳಿಯ ನಂತರ ಹೊರಟು ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗಿನ ಆರು ತಿಂಗಳಲ್ಲಿ ಈ ಮೂವರ ನಡುವೆ ದುಡ್ಡು ಹಂಚಿಹೋಗಬೇಕು. ಕಳೆದ ಶತಮಾನದ ನಡುಭಾಗದಲ್ಲಿ ಟೆಂಟು ಬಂದು, ಕರ್ನಾಟಕ ಮೇಳ, ಸುರತ್ಕಲ್ ಮೇಳದಂಥವು ತುಳು ಪ್ರಸಂಗಗಳಿಂದ ಜನ ಸೇರಿಸಿದಾಗ, ಕಲೆ ಕೆಟ್ಟಿತು ಎಂದವರೂ, ಕಲಾವಿದನ ಹೊಟ್ಟೆ ತುಂಬಿತು ಎಂದವರೂ ಇದ್ದರು. ಇಬ್ಬರ ಮಾತೂ ಸುಳ್ಳಾಗಿರಲಿಲ್ಲ.

ಮೊಜಾಂಗಿನ ಕಥೆಗೆ ವಾಪಸ್ ಬರೋಣ. ಆಗಸ್ಟ್ 1 ಬಂತು, ಹೋಯಿತು. ಕೆಲವು ದೊಡ್ಡ ಸರ್ವರುಗಳು ಅಂಗಡಿ ಬದಲಿಸಿದವು. 2013ರಲ್ಲಿ ಕೆನಡಾದ ಇಬ್ಬರು ಗೆಳೆಯರು ಶುರು ಮಾಡಿದ ಹೈಪಿಕ್ಸೆಲ್ ನಿಯಮದೊಳಗೇ ಬೆಳೆದು ಎಲ್ಲರಿಗಿಂತ ದೊಡ್ಡದಾಯಿತು. ಬಹಳಷ್ಟು ಸಣ್ಣವರು ಏನೂ ಆಗದವರಂತೆ ಖಡ್ಗ ಮಾರುತ್ತಲೇ ಇದ್ದರು. 2016ರಲ್ಲಿ ಕಂಪೆನಿ ಆಟದೊಳಗೇ ಒಂದು ಕಪ್ಪುಪಟ್ಟಿ ಸೇರಿಸಿತು. ಪಟ್ಟಿಯಲ್ಲಿರುವ ಸರ್ವರಿಗೆ ಹೋಗಲು ಆಟವೇ ಬಿಡುವುದಿಲ್ಲ. ಹೆಸರುಗಳು ಕಾಣದಂತೆ ಗೂಢಲಿಪಿಗೆ ತಿರುಗಿಸಿದ್ದರು; ಹುಡುಗರು ಒಂದೊಂದೇ ಹೆಸರನ್ನು ಊಹಿಸಿ, ಅದೇ ಲೆಕ್ಕಕ್ಕೆ ಹಾಕಿ ನೋಡಿ, ಪಟ್ಟಿಯನ್ನು ಬಿಡಿಸಿಯೇಬಿಟ್ಟರು.

ಈ ವ್ಯಾಪಾರದಲ್ಲಿ ಎಷ್ಟು ದುಡ್ಡಿತ್ತು ಎಂಬುದಕ್ಕೆ ಸಾಕ್ಷಿ ಮತ್ತೊಂದು ಕಡೆಯಿಂದ ಬಂತು. ಒಂದು ಸರ್ವರನ್ನು ಕೆಡವಿದರೆ ಅದರ ಆಟಗಾರರು ಪಕ್ಕದ ಸರ್ವರಿಗೆ ಬರುತ್ತಾರೆ. ಆದ್ದರಿಂದ ಎದುರಾಳಿಯ ಸರ್ವರಿಗೆ ಸುಳ್ಳು ಸಂಪರ್ಕಗಳ ಪ್ರವಾಹ ಹರಿಸಿ ಉಸಿರುಗಟ್ಟಿಸುವ ದಂಧೆ ಶುರುವಾಯಿತು, ಅದರಿಂದ ಕಾಪಾಡುತ್ತೇವೆಂದು ದುಡ್ಡು ಕೇಳುವ ದಂಧೆಯೂ ಜೊತೆಗೆ. ಅಮೆರಿಕದ ಪರಸ್ ಝಾ ಎಂಬ ಕಾಲೇಜು ಹುಡುಗ ಮತ್ತು ಅವನ ಇಬ್ಬರು ಜೊತೆಗಾರರು ಎರಡನ್ನೂ ಮಾಡುತ್ತಿದ್ದರು. ಅದಕ್ಕಾಗಿ ಅವರು ಹೆಣೆದದ್ದು ಮಿರಾಯ್ ಎಂಬ ಜಾಲ. ಜನರ ಮನೆಯ ಕ್ಯಾಮರಾ, ರೌಟರುಗಳನ್ನು ಕದ್ದು ವಶಮಾಡಿಕೊಂಡು ಅವುಗಳಿಂದ ದಾಳಿ ಮಾಡಿಸುವುದು. ಅದರ ಸಂಕೇತವನ್ನು ಅವರು ಬಯಲಿಗೆ ಬಿಟ್ಟ ಮೇಲೆ, 2016ರ ಅಕ್ಟೋಬರ್ 21ರಂದು ಬೇರೆ ಯಾರೋ ಅದನ್ನೇ ಬಳಸಿ ಅಮೆರಿಕದ ಅರ್ಧ ಇಂಟರ್‌ನೆಟ್ಟನ್ನು ತಾಸುಗಟ್ಟಲೆ ಮಲಗಿಸಿದರು. ಮೂವರೂ 2017ರ ಡಿಸೆಂಬರಿನಲ್ಲಿ ತಪ್ಪೊಪ್ಪಿಕೊಂಡದ್ದು ಬಹಿರಂಗವಾಯಿತು. ಮೊದಮೊದಲು ಯಾವುದೋ ಶತ್ರುದೇಶದ ಕೈವಾಡ ಎಂದು ಶಂಕಿಸಿದವರಿದ್ದರು. ಬೇರು ಇದ್ದದ್ದು ಖಡ್ಗ ಮಾರುವ ಅಂಗಡಿಗಳ ಪೈಪೋಟಿಯಲ್ಲಿ.

ಮುಂದೆ ಇದೇ ಜಗಳ ಬೇರೆ ಆಟಗಳಲ್ಲೂ ನಡೆಯಿತು. ಜಿಟಿಎ ಆಟದ ಒಡೆಯರಾದ ರಾಕ್‌ಸ್ಟಾರ್ 2015ರಲ್ಲಿ ಫೈವ್‌ಎಂ ಎಂಬ ಹೊರಗಿನ ಸರ್ವರ್ ವ್ಯವಸ್ಥೆ ಕಟ್ಟಿದವರ ಖಾತೆಗಳನ್ನು ಮುಚ್ಚಿಸಿತು. 2022ರಲ್ಲಿ, ಪಾತ್ರವಹಿಸಿ ಆಡುವ ಸರ್ವರುಗಳು ನಡೆಯಲಿ, ಅದೃಷ್ಟದ ಪೆಟ್ಟಿಗೆ ಮತ್ತು ಕ್ರಿಪ್ಟೋ ಬೇಡ ಎಂದಿತು. 2023ರಲ್ಲಿ ಫೈವ್‌ಎಂ ತಂಡವನ್ನೇ ತನ್ನೊಳಗೆ ಸೇರಿಸಿಕೊಂಡಿತು. ಮೊದಲು ಹೊಡೆಯುವುದು, ಆಮೇಲೆ ನಿಯಮ ಬರೆಯುವುದು, ಕೊನೆಗೆ ಕೊಂಡುಬಿಡುವುದು.

ಮಂಗಳೂರಿನಲ್ಲಿ ಕೂತ ಹುಡುಗರಿಗೆ ಈ ಲೋಕ ತಡವಾಗಿ ತೆರೆಯಿತು. ಸರ್ವರ್ ಯುರೋಪಿನಲ್ಲಿದ್ದರೆ ಇಲ್ಲಿ ಒತ್ತಿದ ಗುಂಡಿಯ ಸುದ್ದಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಎದುರಾಳಿ ಹೊಡೆದಾಗಿರುತ್ತದೆ. 2016ರಲ್ಲಿ ಅಮೆಜಾನ್ ಮುಂಬೈಯಲ್ಲಿ ಯಂತ್ರಗಳನ್ನು ಬಾಡಿಗೆಗೆ ಇಟ್ಟಿತು, ಅದೇ ವರ್ಷ ಯುಪಿಐ ಬಂತು. ಆಮೇಲೆ ಇಲ್ಲಿಯ ಮಕ್ಕಳೂ ಮೇಳ ಕಟ್ಟತೊಡಗಿದರು. ಬಿಜೈಯಲ್ಲಿರುವ ನನ್ನ ಅಕ್ಕನ ಮಗ ಮತ್ತು ಅವನ ಮೂವರು ಗೆಳೆಯರು ಒಂದು ಸರ್ವರ್ ನಡೆಸುತ್ತಾರೆ. ಬಾಡಿಗೆಯನ್ನು ನಾಲ್ವರೂ ಪಾಲು ಹಾಕುತ್ತಾರೆ, ಹೆಚ್ಚಿನ ತಿಂಗಳು ಒಬ್ಬನದ್ದು ಬಾಕಿ.

“ಮಾವಾ, ಖಡ್ಗ ಮಾರಿದರೆ ಬಾಡಿಗೆ ಕೂಡಲೇ ಹುಟ್ಟುತ್ತದೆ. ಆದರೆ ಮಾರಿದ ಮರುದಿನ ಉಳಿದವರೆಲ್ಲ ಬಿಟ್ಟು ಹೋಗ್ತಾರೆ” ಎಂದ ಒಂದು ದಿನ. ಮೊಜಾಂಗಿನ ನಿಯಮ ಅವನು ಓದಿದ್ದನೋ ಇಲ್ಲವೋ, ಪಕ್ಕದ ಸರ್ವರ್ ಖಾಲಿಯಾದದ್ದನ್ನು ನೋಡಿದ್ದ. ಈಗ ಅವರು ಮಾರುವುದು ಟೊಪ್ಪಿ. ಅದರಲ್ಲೊಂದು, ಚೌಕಗಳಲ್ಲಿ ಎಷ್ಟು ಸಾಧ್ಯವೋ ಅಷ್ಟು, ತೆಂಕುತಿಟ್ಟಿನ ಕಿರೀಟದಂತಿದೆ. ಅದಕ್ಕೆ ಸ್ವಲ್ಪ ಗಿರಾಕಿ ಉಂಟಂತೆ.

2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಹಣದಾಟಗಳನ್ನು ನಿಷೇಧಿಸಿದ ಸುದ್ದಿ ಬಂದ ದಿನ ಅಕ್ಕ ಫೋನ್ ಮಾಡಿದಳು. “ಇವನು ಮಾಡುವುದು ಜುಗಾರಿ ಅಲ್ಲವಲ್ಲ ಮಾರಾಯ?” ಎಂದು ಕೇಳಿದಳು. ಹಣ ಕಟ್ಟಿ ಹಣ ಗೆಲ್ಲುವ ಆಸೆಯ ಆಟಕ್ಕೆ ಆ ಕಾಯಿದೆ, ಟೊಪ್ಪಿ ಹಾಕಿದವನಿಗೆ ಅಲ್ಲಿ ತಲೆಯ ಮೇಲಿನ ಟೊಪ್ಪಿ ಬಿಟ್ಟು ಬೇರೇನೂ ಸಿಗುವುದಿಲ್ಲ ಎಂದೆ. “ಹಾಗಾದರೆ ಅದಕ್ಕೆ ಯಾಕೆ ದುಡ್ಡು ಕೊಡ್ತಾರೆ?” ಎಂದಳು.